ಕಣ್ಣೆದುರಿರುವ ಫೈಲೇ "ಇಲ್ಲ" ಅಂದಾಗ

ಮೂರು ಸಂಜೆ ಇದಕ್ಕೇ ಹೋಯಿತು. ಇವತ್ತು ರಾತ್ರಿ ಕೊನೆಗೂ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ತನ್ನ ವರ್ಷನ್ ನಂಬರ್ ಹೇಳಿತು. ಆ ಒಂದು ಸಾಲು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಮಲಗುವ ಮೊದಲೇ ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ.

ಸರ್ವರ್ ಚಿಕ್ಕದು. 1 ಜಿಬಿ ರ‍್ಯಾಮ್, ಮೇಲೆ ಆಲ್ಪೈನ್ ಲಿನಕ್ಸ್. ಎಸ್‌ಎಸ್‌ಎಚ್ ಕೀ, ಫೈರ್‌ವಾಲ್, ಹೊಸ ಯೂಸರ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಗಿಟ್, ಪೈಥಾನ್ ಎರಡೂ ಆಲ್ಪೈನ್‌ನ ಪ್ಯಾಕೇಜ್ ಮ್ಯಾನೇಜರ್ ಎಪಿಕೆಯಿಂದ ಒಂದೇ ಸಲಕ್ಕೆ ಬಂದವು. ನೋಡ್ ಮಾತ್ರ ನನಗೆ ಬೇಕಾದ ವರ್ಷನ್ ಅಲ್ಲಿರಲಿಲ್ಲ. ಹಾಗಾಗಿ ರೆಡಿ ಬೈನರಿ (ಮೊದಲೇ ಕಂಪೈಲ್ ಮಾಡಿಟ್ಟ ಫೈಲ್) ಇಳಿಸಿ, ಬಿಚ್ಚಿ, ಓಡಿಸಿದೆ.

"ನಾಟ್ ಫೌಂಡ್."

ಎಲ್‌ಎಸ್ ಹೊಡೆದರೆ ಫೈಲ್ ಅಲ್ಲೇ ಇದೆ. ಎಕ್ಸಿಕ್ಯೂಟ್ ಪರ್ಮಿಷನ್ ಇದೆ. ಚೆಕ್‌ಸಮ್ ಸರಿಯಿದೆ. ಪೂರ್ತಿ ಪಾತ್ ಕೊಟ್ಟೆ, ರೂಟ್ ಆಗಿ ಓಡಿಸಿದೆ, ಫೈಲನ್ನು ಮತ್ತೊಮ್ಮೆ ಇಳಿಸಿದೆ. ಉತ್ತರ ಮಾತ್ರ ಬದಲಾಗಲಿಲ್ಲ. ಇರುವ ಫೈಲನ್ನು ಇಲ್ಲ ಅಂತ ಹೇಳಿದರೆ ಎಲ್ಲಿಂದ ಹುಡುಕುವುದು?

ಎರಡನೇ ಸಂಜೆ ಪೂರ್ತಿ ನುಂಗಿದ್ದು ಎಲ್‌ಡಿಡಿ, ಬೈನರಿಗೆ ಯಾವ ಲೈಬ್ರರಿ ಬೇಕು ಅಂತ ತೋರಿಸುವ ಟೂಲ್. ಲೈಬ್ರರಿ ಏನಾದರೂ ಕಮ್ಮಿಯಾಗಿದೆಯಾ ನೋಡೋಣ ಅಂತ ಅದನ್ನು ಓಡಿಸಿದೆ. ಅದು /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2 ಅಂತ ಹೆಸರು ತೋರಿಸಿ, ಪಕ್ಕದಲ್ಲಿ ಒಂದು ಅಡ್ರೆಸ್ ಕೂಡ ಕೊಟ್ಟಿತು. ಅಂದರೆ ಲೋಡರ್ (ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತಂದು ಪ್ರೋಗ್ರಾಂಗೆ ಜೋಡಿಸುವ ಫೈಲ್) ಸಿಕ್ಕಿದೆ ಅಂತಲೇ ಅರ್ಥ ಅಲ್ವಾ? ಅಲ್ಲ! ಆಲ್ಪೈನ್‌ನಲ್ಲಿ ಎಲ್‌ಡಿಡಿ ಅಂದರೆ ಅದರ ಸಿ ಲೈಬ್ರರಿಯಾದ (ಪ್ರೋಗ್ರಾಂಗಳು ನೆಚ್ಚುವ ಮೂಲ ಲೈಬ್ರರಿ) ಮಸಲ್‌ನ ಲೋಡರೇ. ಬೈನರಿಯ ಒಳಗೆ ಬರೆದಿರುವ ಹೆಸರನ್ನು ಅದು ತನ್ನ ಹೆಸರು ಅನ್ನುವ ಹಾಗೆ ತೋರಿಸುತ್ತದೆ. ಡಿಸ್ಕಿನಲ್ಲಿ ಆ ಹೆಸರಿನ ಫೈಲ್ ಇಲ್ಲವೇ ಇಲ್ಲ. ಇದೊಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಗಂಟು ಬಿಚ್ಚಿದ್ದು ರೀಡ್‌ಎಲ್ಫ್, ಬೈನರಿಯ ಒಳಗಿನ ವಿವರ ಓದಿ ತೋರಿಸುವ ಟೂಲ್. ಮೈನಸ್ ಎಲ್ ಕೊಟ್ಟರೆ "ರಿಕ್ವೆಸ್ಟಿಂಗ್ ಪ್ರೋಗ್ರಾಂ ಇಂಟರ್‌ಪ್ರಿಟರ್" ಅಂತ ಒಂದು ಸಾಲು ಬರುತ್ತದೆ. ಡೈನಮಿಕ್ ಬೈನರಿಯನ್ನು (ಲೈಬ್ರರಿಗಳನ್ನು ಹೊರಗಿನಿಂದ ಪಡೆಯುವಂಥದ್ದು) ಓಡಿಸುವಾಗ ಕರ್ನಲ್ ಮೊದಲು ಆ ಸಾಲಿನಲ್ಲಿರುವ ಲೋಡರ್ ಹುಡುಕುತ್ತದೆ. ಅದು ಇಲ್ಲದಿದ್ದರೆ ಇನೋಎಂಟ್, ಅಂದರೆ "ಅಂಥ ಫೈಲ್ ಇಲ್ಲ" ಅನ್ನುವ ಎರರ್ ವಾಪಸ್ ಕೊಡುತ್ತದೆ. ಯಾವ ಫೈಲ್ ಇಲ್ಲ ಅಂತ ಹೇಳುವುದಿಲ್ಲ. ಶೆಲ್‌ಗೆ ಗೊತ್ತಿರುವುದು ನಾವು ಟೈಪ್ ಮಾಡಿದ ಹೆಸರು ಮಾತ್ರ. ಅದನ್ನೇ ಇಲ್ಲ ಅಂತ ಹೇಳಿಬಿಡುತ್ತದೆ. ಹೊಸ ಬ್ಯಾಶ್‌ಗಳು "ಬೇಕಾದ ಫೈಲ್ ಸಿಗಲಿಲ್ಲ" ಅನ್ನುವ ಅರ್ಥದ ಮೆಸೇಜ್ ಕೊಡುತ್ತವೆ. ಎಷ್ಟು ಒಳ್ಳೆಯ ಬದಲಾವಣೆ! ಆಲ್ಪೈನ್‌ನ ಬಿಜಿಬಾಕ್ಸ್ ಶೆಲ್‌ನಲ್ಲಿ ಆ ಸುಳಿವು ಸಿಗಲಿಲ್ಲ. ಬ್ಯಾಶ್ ಇಲ್ಲದ ಸರ್ವರ್‌ನಲ್ಲಿ ಬ್ಯಾಶ್ ಸ್ಕ್ರಿಪ್ಟ್ ಓಡಿಸಿದರೂ ಇದೇ ಕಥೆ: ಇಲ್ಲದಿರುವುದು ಬ್ಯಾಶ್, ದೂರು ಸ್ಕ್ರಿಪ್ಟ್ ಮೇಲೆ.

ಬೇರು ಇಷ್ಟೇ. ನಾನು ಇಳಿಸಿದ್ದು ಹೆಚ್ಚಿನ ಲಿನಕ್ಸ್‌ಗಳಲ್ಲಿರುವ ಸಿ ಲೈಬ್ರರಿ ಜಿಲಿಬ್‌ಸಿಗೆ ಕಟ್ಟಿದ ಬೈನರಿ. ಆಲ್ಪೈನ್ 2014ರಿಂದಲೇ ಮಸಲ್‌ನಲ್ಲಿದೆ. ಅದರ ಲೋಡರ್ ಹೆಸರು ಎಲ್‌ಡಿ-ಮಸಲ್-ಎಕ್ಸ್86_64.ಎಸ್‌ಒ.1. ಡೌನ್‌ಲೋಡ್ ಪುಟಗಳಲ್ಲಿ ಬರೀ "ಲಿನಕ್ಸ್ ಎಕ್ಸ್64" ಅಂತ ಇರುತ್ತದೆ. ಪಕ್ಕದಲ್ಲಿ ಜಿಲಿಬ್‌ಸಿ ಅಂತ ಒಂದು ಪದ ಸೇರಿಸಿದರೆ ಎಷ್ಟೋ ಜನರ ಸಂಜೆ ಉಳಿಯುತ್ತದೆ. ಪೈಥಾನ್‌ನವರು ಈ ಕೆಲಸ ಚೆನ್ನಾಗಿ ಮಾಡಿದ್ದಾರೆ. 2021ರ ಪೆಪ್ 656 (ಪೈಥಾನ್‌ನ ಸುಧಾರಣಾ ಪ್ರಸ್ತಾವ) ಆದಮೇಲೆ ವೀಲ್‌ನ, ಅಂದರೆ ರೆಡಿ ಪ್ಯಾಕೇಜ್ ಫೈಲ್‌ನ, ಹೆಸರಿನಲ್ಲೇ ಮಸಲ್‌ಲಿನಕ್ಸ್ ಅಂತ ಬರುತ್ತದೆ, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಸರಿಯಾದದ್ದನ್ನು ತಾನೇ ಆರಿಸಿಕೊಳ್ಳುತ್ತದೆ.

ಮಸಲ್ ಮೇಲೆ ಜಿಲಿಬ್‌ಸಿ ಬೈನರಿ ಓಡಿಸಲು ಇರುವ ಜಿಕಾಂಪ್ಯಾಟ್ ಹಾಕಿ ನೋಡಿದೆ. ಲೋಡರ್ ಸಿಕ್ಕಿತು, ಆದರೆ ರೀಲೊಕೇಷನ್ ಎರರ್‌ಗಳು ಸಾಲಾಗಿ ಬಂದವು. ಸರಿ, ಸೋರ್ಸ್‌ನಿಂದಲೇ ಕಟ್ಟೋಣ ಅಂತ ಹೊರಟೆ. ಸ್ವಲ್ಪ ಹೊತ್ತಿಗೆ "ಕಿಲ್ಡ್" ಅಂತ ಬಂತು. ಡಿಮೆಸೇಜ್ (ಕರ್ನಲ್‌ನ ಲಾಗ್) ನೋಡಿದರೆ ಮೆಮೊರಿ ಸಾಲದೆ ಕರ್ನಲ್ಲೇ ಸಿ++ ಕಂಪೈಲರ್ ಸಿಸಿ1ಪ್ಲಸ್ ಅನ್ನು ಮುಗಿಸಿತ್ತು. ಸರ್ವರ್ ಬಾಡಿಗೆಗೆ ಕೊಟ್ಟವರು ಒಂದಿಷ್ಟೂ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಟ್ಟಿಲ್ಲ. 2 ಜಿಬಿ ಸ್ವಾಪ್ ಫೈಲ್ ಮಾಡಿ ಜೆ1ರಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸದಂತೆ, ಮತ್ತೆ ಬಿಟ್ಟೆ. ಒಂದೇ ಕೋರ್, ಬೆಳಗಾದರೂ ಅರ್ಧ ಆಗಿರಲಿಲ್ಲ. ನಿಲ್ಲಿಸಿದೆ.

ದಾರಿ ಸಿಕ್ಕಿದ್ದು ನೋಡ್‌ನ ಅನ್‌ಅಫಿಷಿಯಲ್ ಬಿಲ್ಡ್‌ಗಳಲ್ಲಿ. ಅಲ್ಲಿ ಫೈಲ್ ಹೆಸರಿನಲ್ಲೇ ಮಸಲ್ ಅಂತ ಇದೆ. ಎಪಿಕೆಯಿಂದ ಲಿಬ್‌ಎಸ್‌ಟಿಡಿಸಿ++ ಹಾಕಿ ಓಡಿಸಿದೆ, ಓಡಿತು. ಕಂಪೈಲ್ ಮಾಡಬೇಕಾದ ನೇಟಿವ್ ಮಾಡ್ಯೂಲ್‌ಗಳಿಗೆ ಬಿಲ್ಡ್-ಬೇಸ್ (ಕಂಪೈಲರ್‌ಗಳ ಪ್ಯಾಕೇಜ್) ಹಾಕಿದ್ದೇನೆ, ಅಲ್ಲಿ ಏನೂ ತಕರಾರಿಲ್ಲ.

ಈ ಲೋಡರ್ ವಿಷಯ ತಲೆಗೆ ಹೊಕ್ಕಿದ್ದೇ ತಡ, ಮೂಲೆಯಲ್ಲಿದ್ದ ಹಳೇ ಆರ್ಮ್ ಬೋರ್ಡ್ (ಅಂಗೈಯಗಲದ ಕಂಪ್ಯೂಟರ್) ಹೊರಗೆ ತೆಗೆದೆ. ಅದರ ಪ್ರೊಸೆಸರ್ ಆರ್ಮ್‌ವಿ7. ಅದಕ್ಕೆ ಗೋ ಭಾಷೆಯಲ್ಲಿ ಒಂದು ಚಿಕ್ಕ ಬ್ಯಾಕಪ್ ಟೂಲ್ ಬರೆಯಬೇಕು. ಸಿಗೋ (ಗೋದಿಂದ ಸಿ ಕೋಡ್ ಕರೆಯುವ ಸೌಲಭ್ಯ) ಆಫ್ ಮಾಡಿ ಪೂರ್ತಿ ಸ್ಟ್ಯಾಟಿಕ್ ಆಗಿ, ಅಂದರೆ ಬೇಕಾದದ್ದೆಲ್ಲ ಒಂದೇ ಫೈಲಿನೊಳಗೆ ಇರುವ ಹಾಗೆ, ಲ್ಯಾಪ್‌ಟಾಪ್‌ನಲ್ಲೇ ಕಟ್ಟುವ ಯೋಚನೆ. ಸ್ಟ್ಯಾಟಿಕ್ ಬೈನರಿಯಲ್ಲಿ ಆ ಇಂಟರ್‌ಪ್ರಿಟರ್ ಸಾಲೇ ಇರುವುದಿಲ್ಲ, ಕರ್ನಲ್ ಯಾವ ಲೋಡರನ್ನೂ ಹುಡುಕುವುದಿಲ್ಲ. ಬೋರ್ಡ್‌ನಲ್ಲಿ ಮಸಲ್ ಇರಲಿ, ಜಿಲಿಬ್‌ಸಿ ಇರಲಿ, ಒಂದೇ ಫೈಲ್ ಸಾಕು.

ಸದ್ಯಕ್ಕೆ ಬೋರ್ಡ್ ಆನ್ ಮಾಡುವ ಹಾಗಿಲ್ಲ. 3.3 ವೋಲ್ಟ್‌ನ ಸೀರಿಯಲ್ ಕೇಬಲ್ ಕೇಳಿದ್ದೆ, 5 ವೋಲ್ಟ್‌ನದ್ದು ಕಳಿಸಿದ್ದಾರೆ. ಸುಮ್ನೆ ಜೋಡಿಸಿದರೆ ಪಿನ್ ಸುಟ್ಟುಹೋಗಬಹುದು. ಮೀಟರ್ ಹಿಡಿದು ನೋಡಿದ್ದಕ್ಕೆ ಬೋರ್ಡ್ ಉಳಿಯಿತು. ಕೇಬಲ್ ನಾಳೆ ವಾಪಸ್ ಹೋಗುತ್ತದೆ, ಬದಲಿ ಬರುವಷ್ಟರಲ್ಲಿ ಟೂಲ್‌ನ ಮೊದಲ ವರ್ಷನ್ ಮುಗಿಸಬೇಕು.