ಅಪ್ಪನ ಪೆಟ್ಟಿಗೆಯ ಬೀಗವನ್ನು ಏಕೆ ಒಡೆಯಲಿಲ್ಲ?

ಅಪ್ಪ ತೀರಿಕೊಂಡ ಮೇಲೆ ಅವರ ಹಲಸಿನ ಮರದ ಪೆಟ್ಟಿಗೆ ಹಾಕಿದ ಬೀಗದೊಂದಿಗೆ ಏಳು ತಿಂಗಳು ನಡುಮನೆಯಲ್ಲಿಯೇ ಇತ್ತು. ಅದರ ಬೀಗದ ಕೈ ಎಲ್ಲಿಯೂ ಸಿಗಲಿಲ್ಲ. ಈಗ ಅದನ್ನು ತೆರೆದಿದ್ದೇವೆ ಎಂದು ತಿಳಿದವರೆಲ್ಲ ಕೇಳುವುದು ಒಂದೇ ಮಾತು: "ಸುತ್ತಿಗೆಯಿಂದ ಒಂದೇಟು ಹಾಕಿದ್ದರೆ ಆಗುತ್ತಿರಲಿಲ್ಲವೇ, ಅಷ್ಟು ದಿನ ಕಾದದ್ದೇಕೆ?" ಕೇಳುವವರಲ್ಲಿ ಹಲವರ ಮನೆಯಲ್ಲಿಯೂ ಇಂಥದೊಂದು ಪೆಟ್ಟಿಗೆ ಇರುವುದರಿಂದ ವಿವರವಾಗಿಯೇ ಉತ್ತರಿಸುತ್ತೇನೆ.

ನಮ್ಮದು ತೂಗುಬೀಗವಲ್ಲ, ಹಲಗೆಯನ್ನು ಕೊರೆದು ಕೂರಿಸಿದ ಒಳಬೀಗ. ಅದಕ್ಕೆ ಪೆಟ್ಟು ಬಿದ್ದರೆ ಮೊದಲು ಸೀಳುವುದು ಸುತ್ತಲಿನ ಮರ. ಹಿಂದಿನ ಬಿಜಾಗರಿಗಳನ್ನು ಬಿಚ್ಚೋಣವೆಂದರೆ, ಮುಚ್ಚಳ ಹಾಕಿರುವಾಗ ಅವುಗಳ ತಿರುಪುಗಳೆಲ್ಲ ಒಳಗೇ ಉಳಿಯುತ್ತವೆ. ಬೀಗದ ಒಳಗೆ ತೆಳುವಾದ ಹಿತ್ತಾಳೆಯ ತಗಡುಗಳಿದ್ದು, ಒಂದೊಂದನ್ನೂ ಒಂದೊಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಬೀಗದ ಕೈಯ ಹಲ್ಲುಗಳು ಪ್ರತಿ ತಗಡನ್ನೂ ಅದಕ್ಕೆ ಗೊತ್ತಾದ ಎತ್ತರಕ್ಕೆ, ಕೂದಲೆಳೆಯಷ್ಟು ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಎತ್ತಿದಾಗ ಮಾತ್ರ ಅಗುಳಿ ಸರಿಯುತ್ತದೆ. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದ ಲಿವರ್ ಬೀಗದ ಏರ್ಪಾಡು ಇದೇ. ಅಪ್ಪ ದಿನವೂ ಮುಟ್ಟಿದ ವಸ್ತುವನ್ನು ಜಜ್ಜಲು ನನಗೆ ಕೈ ಬರಲಿಲ್ಲ ಎಂಬುದೂ ನಿಜ.

ಆದರೆ ಕಾದದ್ದು ಮುಖ್ಯವಾಗಿ ಅಕ್ಕನಿಗಾಗಿ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಅವರ ಸ್ವಯಾರ್ಜಿತದಲ್ಲಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಅಕ್ಕ ಪುಣೆಯಿಂದ ಬರುವ ಮೊದಲೇ ನಾನೊಬ್ಬನೇ ತೆರೆದು, ಒಳಗಿದ್ದದ್ದು ಇಷ್ಟೇ ಎಂದಿದ್ದರೆ ಅವಳು ಖಂಡಿತ ನಂಬುತ್ತಿದ್ದಳು. ಆದರೆ ನನ್ನ ಮಾತನ್ನು ನಂಬಲೇಬೇಕಾದ ಸ್ಥಿತಿಗೆ ಅವಳನ್ನು ತರುವ ಅಧಿಕಾರ ನನಗಿರಲಿಲ್ಲ.

ಅವಳು ಬಂದ ಮೇಲೆ ಕರೆಸಿದ ಮೊದಲನೆಯವರು ಬರುವಾಗಲೇ ಉಳಿ ಹಿಡಿದಿದ್ದರು. ಅವರನ್ನು ಹಾಗೆಯೇ ಕಳುಹಿಸಿದೆವು. ಎರಡನೆಯವರು ಸಂತೆಯಲ್ಲಿ ಬೀಗ ರಿಪೇರಿ ಮಾಡುವ ಹಿರಿಯರು. ಅಪ್ಪನ ಹದಿಮೂರನೆಯ ದಿನ ಕಳೆಯುತ್ತಿದ್ದಂತೆ ಚಿಕ್ಕಪ್ಪ ಬೀಗದ ತೂತಿಗೆ ಕೊಬ್ಬರಿ ಎಣ್ಣೆ ಸುರಿದಿದ್ದರು. ಅದು ಧೂಳಿನೊಂದಿಗೆ ಸೇರಿ ಅಂಟಾಗಿತ್ತು. ಹಿರಿಯರು ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು, ಮಾರನೆಯ ದಿನ ಬಂದು, ಹಲ್ಲು ಕೊರೆಯದ ಕಬ್ಬಿಣದ ಕೈಯೊಂದನ್ನು ಮೇಣದಬತ್ತಿಯ ಮೇಲೆ ಹಿಡಿದು ಮಸಿ ಕಟ್ಟಿಸಿದರು. ಅದನ್ನು ಬೀಗದೊಳಗೆ ಮೆಲ್ಲಗೆ ತಿರುಗಿಸಿ ಹೊರತೆಗೆದಾಗ ತಗಡು ತಾಗಿದ ಜಾಗಗಳಲ್ಲಿ ಮಸಿ ಅಳಿಸಿ ಲೋಹ ಮಿನುಗುತ್ತಿತ್ತು. ಅಷ್ಟನ್ನೇ ಅರದಿಂದ ಉಜ್ಜಿ, ಮತ್ತೆ ಮಸಿ ಹಿಡಿಸಿ, ಮತ್ತೆ ತಿರುಗಿಸಿದರು. ಎರಡು ಗಂಟೆಯ ಹೊತ್ತಿಗೆ ಅಗುಳಿ ಸರಿದ ಸದ್ದು ಕೇಳಿಸಿತು. ಅಲ್ಲಿಯವರೆಗೂ ಅಮ್ಮ ಮಾತಾಡಿರಲಿಲ್ಲ.

ಮೇಲೆ ಪುಡಿಯಾದ ಬೇವಿನ ಸೊಪ್ಪು, ಕೆಳಗೆ ಅಪ್ಪನ ಮದುವೆಯ ಪಂಚೆ, ಜಮೀನಿನ ಕ್ರಯಪತ್ರ, ಅಂಚೆ ಕಚೇರಿಯ ಪಾಸ್‌ಬುಕ್, ರದ್ದಾದ 500ರ ಆರು ನೋಟು. ಇಂಥ ಹಳೆಯ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯಂತೆ ಅಪರಾಧ ಎಂಬುದನ್ನು ನೆನಪಿಡಿ. ಕ್ರಯಪತ್ರದ ಮಡಿಕೆಗಳು ಗರಿಗರಿಯಾಗಿದ್ದವು. ಬಿಡಿಸಲು ಅವಸರ ಮಾಡದೆ ಎರಡು ದಿನ ನೆರಳಿನಲ್ಲಿ ಗಾಳಿಯಾಡಲು ಬಿಟ್ಟೆವು. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲಿಲ್ಲ, ಏಕೆಂದರೆ ಅದರ ಅಂಟು ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತದೆ. ಸಿಕ್ಕಿದ್ದನ್ನೆಲ್ಲ ಅಕ್ಕ ಒಂದು ಹಾಳೆಯಲ್ಲಿ ಬರೆದಳು, ಮೂವರೂ ಸಹಿ ಹಾಕಿದೆವು.

ಹೊರಡುವ ಮುನ್ನ ಹಿರಿಯರಿಂದ ಅದೇ ಅಳತೆಯ ಇನ್ನೆರಡು ಬೀಗದ ಕೈ ಮಾಡಿಸಿಕೊಂಡೆವು. ಒಂದು ಅಮ್ಮನ ಬಳಿ, ಒಂದು ನನ್ನ ಬಳಿ ಇದೆ. ಮತ್ತೊಂದು ಅಕ್ಕನೊಂದಿಗೆ ಪುಣೆಗೆ ಹೋಯಿತು.