ಅಲಬಾಮಾ: ಲೆಕ್ಕ ಇಟ್ಟವರ ಊರುಗಳು

ಅಟ್ಲಾಂಟದಿಂದ ನೈಋತ್ಯದ ಕಡೆಗೆ ಹೊರಡುವ 85ನೇ ಸಂಖ್ಯೆಯ ಹೆದ್ದಾರಿ ಚಟ್ಟಹೂಚಿ ನದಿಯನ್ನು ದಾಟಿದ ಮೇಲೆ ಜಾರ್ಜಿಯಾ ಮುಗಿದು ಅಲಬಾಮಾ ಆರಂಭವಾಗುತ್ತದೆ. ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ರಸ್ತೆಯ ಎರಡೂ ಬದಿಗೆ ಪೈನ್ ಮರಗಳ ಕಾಡು, ನಡುನಡುವೆ ಚರ್ಚುಗಳು. ಕಾರು ನಡೆಸುತ್ತಿದ್ದವನು ನನ್ನ ತಂಗಿಯ ಮಗ. ಅಟ್ಲಾಂಟದಲ್ಲಿಯೇ ಹುಟ್ಟಿ ಬೆಳೆದಿದ್ದರೂ ಅವನು ಅಲಬಾಮಾದ ರಾಜಧಾನಿ ಮಾಂಟ್ಗಮರಿಯನ್ನಾಗಲಿ ಸೆಲ್ಮಾವನ್ನಾಗಲಿ ನೋಡಿರಲಿಲ್ಲ. ತಮಗಾದ ಅನ್ಯಾಯವನ್ನು ತಮ್ಮದೇ ದೇಶ ಕಣ್ಣೆತ್ತಿ ನೋಡಲು ಒಪ್ಪದಿದ್ದಾಗ ಜನ ಯಾವ ಬಲದ ಮೇಲೆ ಬದುಕುತ್ತಾರೆ ಎಂಬುದನ್ನು ಆ ನೆಲದಲ್ಲಿಯೇ ನಿಂತು ಅರಿಯಬೇಕೆಂಬ ಆಸೆಯಿಂದ ನಾನು ಈ ಪ್ರಯಾಣಕ್ಕೆ ಹಟ ಹಿಡಿದಿದ್ದೆ.

ಮಾಂಟ್ಗಮರಿ ತಲುಪುವ ಮೊದಲೇ ಸಿಗುವ ಊರು ಟಸ್ಕೀಗಿ. ಬುಕರ್ ಟಿ. ವಾಷಿಂಗ್ಟನ್ 1881ರಲ್ಲಿ ಕಟ್ಟಿದ ವಿದ್ಯಾಸಂಸ್ಥೆ ಇಲ್ಲಿದೆ. ಅವರ ಸಮಾಧಿಯೂ ಅದೇ ಆವರಣದಲ್ಲಿದೆ. ನಾನು ಅಲ್ಲಿ ಇಳಿಯಬೇಕೆಂದದ್ದು ಮಾತ್ರ ಮನ್ರೋ ವರ್ಕ್ ಎಂಬ ಇನ್ನೊಬ್ಬರ ಸಲುವಾಗಿ. ಗುಲಾಮಗಿರಿಯಲ್ಲಿ ಹುಟ್ಟಿದ ತಂದೆತಾಯಿಗಳ ಮಗನಾದ ವರ್ಕ್ 1908ರಲ್ಲಿ ಟಸ್ಕೀಗಿಗೆ ಬಂದು ದಾಖಲೆಗಳ ವಿಭಾಗವನ್ನು ಕಟ್ಟಿದರು. ದೇಶದ ಪತ್ರಿಕೆಗಳನ್ನು ತರಿಸಿ, ಕಪ್ಪು ಜನರ ಗುಂಪುಹತ್ಯೆಯ ಸುದ್ದಿಗಳನ್ನು ಕತ್ತರಿಸಿ ಜೋಡಿಸಿ, ಯಾರು, ಎಲ್ಲಿ, ಯಾವ ದಿನ, ಯಾವ ಆರೋಪದ ಮೇಲೆ ಸತ್ತರು ಎಂಬುದನ್ನು ಬರೆದಿಟ್ಟು, ವರ್ಷದ ಲೆಕ್ಕವನ್ನು ಮತ್ತೆ ಅದೇ ಪತ್ರಿಕೆಗಳಿಗೆ ಕಳುಹಿಸುತ್ತಿದ್ದರು. ಸರ್ಕಾರ ಮಾಡಬೇಕಾಗಿದ್ದ, ಆದರೆ ಮಾಡದೆ ಬಿಟ್ಟ ಕೆಲಸ ಅದು.

ಇದೇ ಟಸ್ಕೀಗಿಯ ಸುತ್ತಮುತ್ತ ಸರ್ಕಾರವೂ ಒಂದು ಲೆಕ್ಕ ಇಟ್ಟಿತ್ತು. 1932ರಿಂದ 1972ರವರೆಗೆ, ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯ ವೈದ್ಯರು ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ನಿಜವಾದ ರೋಗದ ಹೆಸರನ್ನು ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ಅವರನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಶಿಸ್ತಿನಿಂದ ಬರೆದುಕೊಳ್ಳುತ್ತ ಹೋದರು. ಅಧ್ಯಕ್ಷರೊಬ್ಬರು ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ. "ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಲಿಲ್ಲ, ದೊಡ್ಡಮ್ಮ," ಎಂದ ಹುಡುಗ. ಕಪ್ಪು ಜನರ ಚರಿತ್ರೆಯನ್ನು ನೆನೆಯುವ ತಿಂಗಳಾದ ಫೆಬ್ರವರಿ ಬಂದಾಗಲೆಲ್ಲ ಮಾರ್ಟಿನ್ ಲೂಥರ್ ಕಿಂಗ್ ಅವರ ಒಂದು ಭಾಷಣದ ನಾಲ್ಕು ಸಾಲುಗಳನ್ನು ಕೇಳಿಸುತ್ತಿದ್ದರಂತೆ, ಅಷ್ಟೇ.

ಮಾಂಟ್ಗಮರಿಯ ಡೆಕ್ಸ್ಟರ್ ರಸ್ತೆಯನ್ನು ನಿಧಾನವಾಗಿ ನಡೆದರೂ ಕಾಲು ಗಂಟೆಯಲ್ಲಿ ಮುಗಿಸಬಹುದು. ಕೆಳತುದಿಯಲ್ಲಿ ಕಾರಂಜಿ ಇರುವ ಕೋರ್ಟ್ ಸ್ಕ್ವೇರ್. ಅಂತರ್ಯುದ್ಧಕ್ಕೆ ಮೊದಲು ಇಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. 1861ರ ಏಪ್ರಿಲ್‌ನಲ್ಲಿ ಆ ಯುದ್ಧ ಆರಂಭವಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಬಹುದೆಂಬ ತಂತಿ ಹೋದದ್ದು ಇದೇ ಚೌಕದ ಪಕ್ಕದ ಕಟ್ಟಡದಿಂದ. ರಸ್ತೆಯ ಮೇಲ್ತುದಿಯಲ್ಲಿ ಬಿಳಿಯ ಶಾಸನಭವನ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ ಜೆಫರ್ಸನ್ ಡೇವಿಸ್ ಅಧ್ಯಕ್ಷನಾಗಿ ಪ್ರಮಾಣ ಮಾಡಿದ ಜಾಗವನ್ನು ಅಲ್ಲಿ ಹಿತ್ತಾಳೆಯ ನಕ್ಷತ್ರವೊಂದು ಗುರುತಿಸುತ್ತದೆ. ಆವರಣದಲ್ಲಿ ಅವನ ಪ್ರತಿಮೆ ಇದೆ. ಕೂಗಳತೆಯ ದೂರದಲ್ಲಿಯೇ, ಮಾರ್ಟಿನ್ ಲೂಥರ್ ಕಿಂಗ್ 1954ರಿಂದ 1960ರವರೆಗೆ ಪಾದ್ರಿಯಾಗಿದ್ದ ಕೆಂಪು ಇಟ್ಟಿಗೆಯ ಚರ್ಚು. ಇವೆರಡನ್ನೂ ಅಕ್ಕಪಕ್ಕ ನೋಡಿದವರಿಗೆ ಊರು ತನ್ನ ಚರಿತ್ರೆಯನ್ನು ಒಪ್ಪಿಕೊಂಡಿದೆ ಎನಿಸಬಹುದು. ನನಗೆ ಹಾಗೆನಿಸಲಿಲ್ಲ. ಅಲಬಾಮಾದಲ್ಲಿ ಜನವರಿಯ ಕಿಂಗ್ ಜಯಂತಿಯ ರಜೆ, ಅವರು ಯಾವ ವ್ಯವಸ್ಥೆಯ ವಿರುದ್ಧ ಪ್ರಾಣ ಕೊಟ್ಟರೋ ಅದನ್ನು ಕಾಯಲು ಯುದ್ಧ ಮಾಡಿದ ಸೇನಾಪತಿ ರಾಬರ್ಟ್ ಲೀಯ ಜಯಂತಿಯೂ ಹೌದು. ಏಪ್ರಿಲ್‌ನಲ್ಲಿ ಆ ಒಕ್ಕೂಟದ ಸೈನಿಕರ ಸ್ಮರಣೆಗೆಂದೇ ಇನ್ನೊಂದು ಸರ್ಕಾರಿ ರಜೆ ಇದೆ. 40 ವರ್ಷಕ್ಕಿಂತ ಹಳೆಯ ಸ್ಮಾರಕಗಳನ್ನು ಸ್ಥಳೀಯ ಆಡಳಿತಗಳು ತೆಗೆಯದಂತೆ ರಾಜ್ಯ 2017ರಲ್ಲಿ ಕಾನೂನನ್ನೂ ಮಾಡಿತು. ಮರೆವು ತಾನಾಗಿ ಬಂದದ್ದಲ್ಲ, ಅದನ್ನು ಶಾಸನ ಮಾಡಿ ಕಾಪಾಡಲಾಗುತ್ತಿದೆ.

ಹೀಗಿರುವಾಗ, ಅದೇ ಊರಿನ ದಿಬ್ಬವೊಂದರ ಮೇಲೆ ಶಾಂತಿ ಮತ್ತು ನ್ಯಾಯದ ರಾಷ್ಟ್ರೀಯ ಸ್ಮಾರಕ 2018ರಲ್ಲಿ ಎದ್ದು ನಿಂತದ್ದು ಸಣ್ಣ ಮಾತಲ್ಲ. ಹೆಸರಿನಲ್ಲಿ ರಾಷ್ಟ್ರೀಯ ಎಂದಿದ್ದರೂ ಇದನ್ನು ರಾಷ್ಟ್ರ ಕಟ್ಟಲಿಲ್ಲ. ಮರಣದಂಡನೆಗೆ ಗುರಿಯಾದ ಬಡ ಕೈದಿಗಳ ಪರವಾಗಿ ವಾದಿಸುವ ವಕೀಲ ಬ್ರಯನ್ ಸ್ಟೀವನ್‌ಸನ್ ಅವರ ಸಂಸ್ಥೆ ಕಟ್ಟಿತು. 1877ರಿಂದ 1950ರವರೆಗೆ ಗುಂಪುಹತ್ಯೆಗೆ ಬಲಿಯಾದ 4,400ಕ್ಕೂ ಹೆಚ್ಚು ಜನರ ಲೆಕ್ಕ ಇಲ್ಲಿದೆ. ಹತ್ಯೆ ನಡೆದ ಒಂದೊಂದು ಕೌಂಟಿಗೆ, ಎಂದರೆ ನಮ್ಮ ಜಿಲ್ಲೆಯಂಥ ಭಾಗಕ್ಕೆ, ಒಂದೊಂದು ಉಕ್ಕಿನ ಸ್ತಂಭದಂತೆ 800ಕ್ಕೂ ಹೆಚ್ಚು ಸ್ತಂಭಗಳನ್ನು ಮಾಡಿನಿಂದ ಇಳಿಬಿಟ್ಟಿದ್ದಾರೆ. ಒಳಹೊಕ್ಕಾಗ ಅವು ನಮ್ಮ ಎದುರಿಗೆ ಆಳೆತ್ತರಕ್ಕೆ ನಿಂತಿರುತ್ತವೆ. ಕೌಂಟಿಯ ಹೆಸರು, ಅದರ ಕೆಳಗೆ ಮನುಷ್ಯರ ಹೆಸರುಗಳು, ದಿನಾಂಕಗಳು. ಮುಂದೆ ಹೋದಂತೆ ಕಾಲ ಕೆಳಗಿನ ನೆಲ ಇಳಿಯುತ್ತ ಹೋಗಿ, ಸ್ತಂಭಗಳು ಮೇಲೆಯೇ ಉಳಿದು, ಕೊನೆಗೆ ಕತ್ತೆತ್ತಿ ನೋಡಬೇಕಾಗುತ್ತದೆ. ಮರದ ಕೊಂಬೆಯ ಕೆಳಗೆ ನೆರೆದ ಗುಂಪು ನಿಂತಿದ್ದ ಜಾಗದಲ್ಲಿ ಈಗ ನಾವು ನಿಂತಿದ್ದೇವೆಂದು ಅರಿವಾದಾಗ ಪಕ್ಕದಲ್ಲಿದ್ದ ಹುಡುಗ ನನ್ನ ಕೈ ಹಿಡಿದುಕೊಂಡ. ಹೆಸರೇ ಸಿಗದವರಿಗೆ 'ಅಜ್ಞಾತ' ಎಂದು ಕೆತ್ತಿದ್ದಾರೆ, ದಿನಾಂಕದ ಸಮೇತ.

ಅಲ್ಲಿಯ ಗೋಡೆಯ ಮೇಲೆ ಕೊಲೆಯ ಕಾರಣಗಳನ್ನು ಬರೆದಿಟ್ಟ ಫಲಕಗಳಿವೆ. 1940ರಲ್ಲಿ ಇದೇ ರಾಜ್ಯದ ಲೂವರ್ನ್ ಎಂಬಲ್ಲಿ ಜೆಸ್ಸಿ ಥಾರ್ನ್‌ಟನ್ ಸತ್ತದ್ದು ಬಿಳಿಯ ಪೊಲೀಸನನ್ನು ಕರೆಯುವಾಗ ಹೆಸರಿನ ಹಿಂದೆ 'ಮಿಸ್ಟರ್' ಸೇರಿಸದ ತಪ್ಪಿಗೆ. 1918ರಲ್ಲಿ ಜಾರ್ಜಿಯಾದ ಮೇರಿ ಟರ್ನರ್ ತನ್ನ ಗಂಡನನ್ನು ಕೊಂದವರ ವಿರುದ್ಧ ದೂರು ಹೇಳಿದಳೆಂದು ಅವಳನ್ನೂ ಕೊಂದರು, ಆಕೆ ಗರ್ಭಿಣಿಯಾಗಿದ್ದಳು. ಗುಂಪುಹತ್ಯೆಯನ್ನು ಕೇಂದ್ರ ಅಪರಾಧವೆಂದು ಸಾರುವ ಮಸೂದೆ 1922ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಗಿ ಸೆನೆಟ್‌ನಲ್ಲಿ ಸತ್ತಿತು. ಅಂಥದೊಂದು ಕಾನೂನಿಗೆ ಅಧ್ಯಕ್ಷರ ಸಹಿ ಬಿದ್ದದ್ದು ಮತ್ತೆ ಸರಿಯಾಗಿ ಒಂದು ನೂರು ವರ್ಷ ಕಳೆದ ಮೇಲೆ, 2022ರ ಮಾರ್ಚ್‌ನಲ್ಲಿ.

ಹೊರಗಿನ ಹುಲ್ಲುಹಾಸಿನಲ್ಲಿ ಪ್ರತಿ ಸ್ತಂಭದ ಜೋಡಿಯೊಂದು ಮಲಗಿದೆ. ಆಯಾ ಕೌಂಟಿಯವರು ಬಂದು, ತಮ್ಮ ಹೆಸರಿನ ಸ್ತಂಭವನ್ನು ಒಯ್ದು ತಮ್ಮ ಊರಿನಲ್ಲಿ ನಿಲ್ಲಿಸಲಿ ಎಂಬುದು ಕಟ್ಟಿದವರ ಆಶಯವಾಗಿತ್ತು. ನಾನು ಹೋದಾಗಲೂ ಅವು ಸಾಲುಸಾಲಾಗಿ ಅಲ್ಲಿಯೇ ಇದ್ದವು. ಒಂದು ದೇಶ ತನ್ನನ್ನು ತಾನು ನೋಡಿಕೊಳ್ಳಲು ಒಲ್ಲೆನೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಅದೇ ಸಂಸ್ಥೆಯ ಲೆಗಸಿ ಮ್ಯೂಸಿಯಂನಲ್ಲಿ ಇನ್ನೊಂದು ಬಗೆಯ ಉತ್ತರವಿದೆ. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಅವುಗಳ ತುಂಬ ಮಣ್ಣು. ಹತ್ಯೆ ನಡೆದ ಜಾಗವನ್ನು ದಾಖಲೆಗಳಿಂದ ಪತ್ತೆಹಚ್ಚಿ, ಸತ್ತವರ ಮೊಮ್ಮಕ್ಕಳು, ಮರಿಮಕ್ಕಳು, ಊರಿನ ಸ್ವಯಂಸೇವಕರು ತಮ್ಮ ಕೈಯಾರೆ ಅಗೆದು ತಂದ ಮಣ್ಣು ಅದು. ಕೆಲವು ಇಟ್ಟಿಗೆಯಂತೆ ಕೆಂಪು, ಕೆಲವು ಎರೆಯಂಥ ಕಪ್ಪು, ಕೆಲವು ಬರಿಯ ಮರಳು. ಪ್ರತಿ ಜಾಡಿಯ ಮೇಲೂ ಹೆಸರು, ಊರು, ದಿನಾಂಕ. ಅಜ್ಜನನ್ನು ಕೊಂದ ಜಾಗಕ್ಕೆ ಹೋಗಿ ಮಂಡಿಯೂರಿ ಅಗೆಯಲು ಎಷ್ಟು ಗಟ್ಟಿಯಾದ ಎದೆ ಬೇಕೆಂದು ಯೋಚಿಸುತ್ತ ನಾನು ಬಹಳ ಹೊತ್ತು ಅಲ್ಲಿ ನಿಂತಿದ್ದೆ. ಅನ್ಯಾಯ ಮಾಡಿದವರು ಮಾಡಬೇಕಾದ ಆತ್ಮಪರೀಕ್ಷೆಯ ಕೆಲಸವನ್ನು ಅನ್ಯಾಯಕ್ಕೊಳಗಾದವರೇ ಮಾಡುತ್ತಿದ್ದಾರೆ. ಇದು ಅವರ ಮೇಲೆ ಹೊರಿಸಿದ ಇನ್ನೊಂದು ಹೊರೆ, ನಿಜ. ಆದರೆ ಬಲ ಬಂದದ್ದೂ ಆ ಕೆಲಸದಿಂದಲೇ ಎಂದು ನನಗೆ ತೋರಿತು.

ಬಸ್ ಬಹಿಷ್ಕಾರದ ಚರಿತ್ರೆಯಲ್ಲಿಯೂ ಇದನ್ನೇ ಕಂಡೆ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರ ಪ್ರತಿಮೆ ಈಗ ಕೋರ್ಟ್ ಸ್ಕ್ವೇರ್ ಬಳಿಯೇ ಇದೆ. ಆದರೆ ಆ ಬಂಧನ ನಡೆದ 1955ರ ಡಿಸೆಂಬರ್ 1ರ ರಾತ್ರಿ ಕಪ್ಪು ಜನರ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಜೋ ಆ್ಯನ್ ರಾಬಿನ್‌ಸನ್, ಬೆಳಗಾಗುವುದರೊಳಗೆ ಹತ್ತಾರು ಸಾವಿರ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿ ಹಂಚದಿದ್ದರೆ ಸೋಮವಾರ ಬಸ್ಸುಗಳು ಖಾಲಿ ಓಡುತ್ತಿರಲಿಲ್ಲ. ಅಡುಗೆಯ ಕೆಲಸ ಮಾಡುತ್ತಿದ್ದ ಜಾರ್ಜಿಯಾ ಗಿಲ್ಮೋರ್ ಹೆಂಗಸರನ್ನು ಸೇರಿಸಿ, ಊಟ ತಿಂಡಿ ಮಾಡಿ ಮಾರಿ, ಬಂದ ಹಣವನ್ನು ಚಳವಳಿಯ ಕಾರುಗಳ ಪೆಟ್ರೋಲಿಗೆ ಕೊಟ್ಟರು. ಹಣ ಎಲ್ಲಿಂದ ಬಂತೆಂದು ಕೇಳಿದರೆ ಯಾರ ಕೆಲಸಕ್ಕೂ ಕುತ್ತು ಬಾರದಿರಲೆಂದು ತಮ್ಮ ಕೂಟಕ್ಕೆ 'ಎಲ್ಲಿಯದೂ ಅಲ್ಲದ ಕ್ಲಬ್' ಎಂಬರ್ಥದ ಹೆಸರಿಟ್ಟಿದ್ದರು. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳ ಮೊದಲೇ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಸೇರಿ ನಾಲ್ವರು ಹೆಂಗಸರು ಹೂಡಿದ ದಾವೆಯೇ ಕೊನೆಗೆ ಬಸ್ಸಿನ ಪ್ರತ್ಯೇಕತೆಯನ್ನು ಮುರಿದದ್ದು. 381 ದಿನಗಳ ಕಾಲ ಜನ ನಡೆದರು. ಕಾಲ್ವಿನ್ ಮೇಲಿನ ಆ ಹಳೆಯ ಪ್ರಕರಣವನ್ನು ನ್ಯಾಯಾಲಯ ದಾಖಲೆಯಿಂದ ಅಳಿಸಿದ್ದು 2021ರಲ್ಲಿ.

ಸೆಲ್ಮಾದ ಸೇತುವೆಯ ಮೇಲೆ ನಾವು ನಡೆದದ್ದು ಸಂಜೆ. ಅದು ನಡುವೆ ಉಬ್ಬಿರುವುದರಿಂದ, ತುದಿಗೆ ಏರುವವರೆಗೆ ಆಚೆ ದಡದಲ್ಲಿ ಏನು ಕಾದಿದೆ ಎಂಬುದು ಕಾಣುವುದಿಲ್ಲ. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಜಾನ್ ಲೂಯಿಸ್ ಮತ್ತು ಹೋಸಿಯಾ ವಿಲಿಯಮ್ಸ್ ಹಿಂದೆ ಬಂದ ಸುಮಾರು 600 ಮಂದಿ ಹೀಗೆಯೇ ಏರಿ ಬಂದು ಲಾಠಿ ಹಿಡಿದ ಪೊಲೀಸರನ್ನು ಕಂಡರು. ಆ ವರ್ಷ ಆಗಸ್ಟ್‌ನಲ್ಲಿ ಬಂದ ಮತದಾನ ಹಕ್ಕಿನ ಕಾಯ್ದೆಯ ಮುಖ್ಯ ಭಾಗವೊಂದನ್ನು ಸುಪ್ರೀಂ ಕೋರ್ಟು 2013ರಲ್ಲಿ ನಿಷ್ಫಲಗೊಳಿಸಿತು. ದಾವೆ ಹೂಡಿದ್ದ ಶೆಲ್ಬಿ ಕೌಂಟಿ ಇರುವುದೂ ಅಲಬಾಮಾದಲ್ಲಿಯೇ. ಸೇತುವೆಯ ಕಮಾನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಇರುವುದು ಇಂದಿಗೂ ಎಡ್ಮಂಡ್ ಪೆಟಸ್ ಎಂಬ ಗುಲಾಮಗಿರಿಯ ಪಕ್ಷದ ಸೇನಾಪತಿಯ ಹೆಸರು.

ಸೆಲ್ಮಾದಿಂದ ಮಾಂಟ್ಗಮರಿಗೆ ಮರಳುವ 80ನೇ ಸಂಖ್ಯೆಯ ರಸ್ತೆ ಲೌಂಡ್ಸ್ ಕೌಂಟಿಯನ್ನು ಹಾಯ್ದು ಹೋಗುತ್ತದೆ. ನೂರಕ್ಕೆ ಎಂಬತ್ತರಷ್ಟು ಕಪ್ಪು ಜನರೇ ಇದ್ದ ಈ ಕೌಂಟಿಯಲ್ಲಿ 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನರ ಸಂಖ್ಯೆ ಸೊನ್ನೆ. ಹೆಸರು ನೋಂದಾಯಿಸಿಕೊಂಡ ಗೇಣಿದಾರರನ್ನು ಜಮೀನುದಾರರು ಒಕ್ಕಲೆಬ್ಬಿಸಿದಾಗ, ಅವರು ರಸ್ತೆಯ ಬದಿಯಲ್ಲಿ ಡೇರೆ ಹಾಕಿಕೊಂಡು, ರಾತ್ರಿ ಗುಂಡು ಹಾರಿ ಬಂದರೂ ಊರು ಬಿಡದೆ ಉಳಿದರು. ಓದಲು ಬಾರದ ಮತದಾರರಿಗಾಗಿ ಪ್ರತಿ ಪಕ್ಷಕ್ಕೂ ಚಿಹ್ನೆ ಬೇಕಾಗಿತ್ತು. ಬಿಳಿಯರ ಪಕ್ಷದ ಬಿಳಿ ಹುಂಜಕ್ಕೆ ಎದುರಾಗಿ ಲೌಂಡ್ಸ್‌ನವರು ತಾವು ಕಟ್ಟಿದ ಪಕ್ಷಕ್ಕೆ ಕಪ್ಪು ಚಿರತೆಯನ್ನು ಆರಿಸಿಕೊಂಡರು. ಆ ಚಿರತೆ 1966ರಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ಹೋಯಿತು, 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್‌ಗೆ ಬಂತು. ಆ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಚಳವಳಿ ಕಟ್ಟಿದ ತರುಣರಿಗೂ ಅದರ ಸುದ್ದಿ ತಲುಪಿತ್ತು. ಈ ನಂಟು ಇರುವುದರಿಂದಲೇ ನಾನು ಅಲ್ಲಿ ಕೇವಲ ಪರದೇಶದ ಪಾಪವನ್ನು ನೋಡಲು ಬಂದವಳಾಗಿ ನಿಲ್ಲಲಾರದೆ ಹೋದೆ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು; 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಆ ಏಳು ಹೆಸರುಗಳು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಡೇರೆಗಳಿದ್ದ ಜಾಗದಲ್ಲಿ ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೇಂದ್ರವೊಂದಿದೆ. ಕಪ್ಪು ಚಿರತೆಯ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಹ್ಯೂಲೆಟ್ 1970ರಲ್ಲಿ ಇದೇ ಕೌಂಟಿಯ ಷೆರಿಫ್, ಎಂದರೆ ಚುನಾಯಿತ ಪೊಲೀಸ್ ಮುಖ್ಯಸ್ಥ, ಆಗಿ ಗೆದ್ದರು. ಅನ್ಯಾಯ ಅಲ್ಲಿಗೆ ಮುಗಿಯಲಿಲ್ಲ. ಹತ್ತಿಗೆ ಹೇಳಿ ಮಾಡಿಸಿದಂತಿದ್ದ ಇಲ್ಲಿಯ ಜೇಡಿ ಮಣ್ಣಿಗಾಗಿಯೇ ಗುಲಾಮರನ್ನು ತಂದದ್ದು. ಅದೇ ಮಣ್ಣು ನೀರು ಹೀರುವುದಿಲ್ಲವಾದ್ದರಿಂದ ಸಾಧಾರಣ ಸೆಪ್ಟಿಕ್ ಟ್ಯಾಂಕ್ ಇಲ್ಲಿ ನಡೆಯದು, ದುಬಾರಿಯದನ್ನು ಹಾಕಿಸಲು ಬಡವರಲ್ಲಿ ಹಣವಿಲ್ಲ. ಹಾಗಾಗಿ ಎಷ್ಟೋ ಮನೆಗಳ ಹಿಂದೆ ಕೊಳಚೆ ನೀರು ಬಯಲಿಗೇ ಹರಿಯುತ್ತದೆ. ಇದೇ ಕೌಂಟಿಯಲ್ಲಿ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಮನೆಮನೆಗೆ ಹೋಗಿ ಇದನ್ನು ದಾಖಲಿಸುವ ಕೆಲಸ ಕೈಗೊಂಡರು. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಶ್ರೀಮಂತ ದೇಶದಿಂದ ತೊಲಗಿತೆಂದು ನಂಬಲಾಗಿದ್ದ ಕೊಕ್ಕೆಹುಳುವನ್ನು ಇಲ್ಲಿಯ ಜನರಲ್ಲಿ ಪತ್ತೆಹಚ್ಚಿತು. ಕೇಂದ್ರ ನ್ಯಾಯ ಇಲಾಖೆ ತನಿಖೆ ನಡೆಸಿ 2023ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ, ಅದು ವೈವಿಧ್ಯದ ಹೆಸರಿನ ಪಕ್ಷಪಾತವೆಂದು ಕರೆದು, ಆ ಒಪ್ಪಂದವನ್ನು ಕೊನೆಗೊಳಿಸಿತು. ಫ್ಲವರ್ಸ್ ಮತ್ತು ಅವರ ಜೊತೆಗಾರರು ಬರೆದಿಟ್ಟ ಮನೆಗಳ ಲೆಕ್ಕ ಮಾತ್ರ ಅವರ ಬಳಿಯೇ ಇದೆ, ಮುಂದಿನ ದಾವೆಗೂ ಮುಂದಿನ ಸರ್ಕಾರಕ್ಕೂ ಒದಗುವಂತೆ.