ಕೋಣೆಗೆ ದುಡ್ಡಿತ್ತು, ಸಿಸ್ಟರ್‌ಗೆ ಇರಲಿಲ್ಲ

ಹದಿನಾರು ವರ್ಷ ನಾನು ಒಂದು ಶಾಲೆಯ ಕಚೇರಿಯಲ್ಲಿ ಲೆಕ್ಕ ಬರೆದೆ. ಸಂಬಳ, ಫೀಸು, ಬಿಲ್ಲು, ಅನುದಾನ ಎಲ್ಲವೂ ನನ್ನ ಮೇಜಿನ ಮೇಲೇ ಹಾದು ಹೋಗುತ್ತಿತ್ತು. ಔಷಧಿಯ ವಿಷಯ ನನಗೆ ತಿಳಿಯದು. ಆದರೆ ಶಾಲೆಯ ಆರೋಗ್ಯ ಸೇವೆಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾವುದಕ್ಕೆ ಬರುತ್ತದೆ, ಯಾವಾಗ ನಿಂತುಹೋಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ಶಾಲೆಯ ಆರೋಗ್ಯ ಕೋಣೆ ಒಂದು ಸಂಸ್ಥೆಯ ಅನುದಾನದಿಂದ ಆದದ್ದು. ಒಂದು ಮಂಚ, ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಗೋಡೆಯ ಮೇಲೆ ಕಣ್ಣಿನ ಚಾರ್ಟು, ಔಷಧಿ ಕಪಾಟು, ಪುಟ್ಟ ಫ್ರಿಜ್ಜು, ಕೈ ತೊಳೆಯಲು ಸಿಂಕು. ಜೊತೆಗೆ ಒಬ್ಬ ನರ್ಸ್‌ಗೆ ಎರಡು ವರ್ಷದ ಸಂಬಳ. ಮಕ್ಕಳೂ ನಾವೂ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು.

ಬಂದ ಮೊದಲ ವಾರವೇ ಸಿಸ್ಟರ್ ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಕೇಳಿ ಪಡೆದರು. ಗೆರೆ ಎಳೆದು ಐದು ಕಾಲಂ ಮಾಡಿದರು. ಹೆಸರು, ತರಗತಿ, ಏನು ತೊಂದರೆ, ಏನು ಮಾಡಿದೆ, ಇಲ್ಲಿಂದ ಎಲ್ಲಿಗೆ. ಕೊನೆಯ ಕಾಲಂನಲ್ಲಿ ಬರುತ್ತಿದ್ದದ್ದು ಮೂರೇ ಮಾತು: ತರಗತಿಗೆ, ಮನೆಗೆ, ಆಸ್ಪತ್ರೆಗೆ. ತಿಂಗಳ ಕೊನೆಗೆ ಲೆಕ್ಕಕ್ಕೆ ಅಂತ ನನಗೆ ಪುಟ ತೋರಿಸುವಾಗ, ಹೆಸರಿನ ಕಾಲಂ ಮೇಲೆ ಒಂದು ರಟ್ಟಿನ ಪಟ್ಟಿ ಇಟ್ಟು ಮುಚ್ಚುತ್ತಿದ್ದರು. "ನಿಮಗೆ ಬೇಕಾದ್ದು ಎಷ್ಟು ಮಕ್ಕಳು ಅಂತ ತಾನೆ ಮೇಡಂ, ಯಾವ ಮಗು ಅಂತ ಅಲ್ವಲ್ಲ" ಅಂದಿದ್ದರು. ಆ ರಟ್ಟಿನ ಪಟ್ಟಿ ನೋಡಿಯೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ದೊಡ್ಡ ತರಗತಿಯ ಮಕ್ಕಳು ಆ ಕೋಣೆಗೆ ಧೈರ್ಯವಾಗಿ ಬರುತ್ತಿದ್ದದ್ದೂ ಅದಕ್ಕೇ. ಅಲ್ಲಿ ಹೇಳಿದ ಮಾತು ಸ್ಟಾಫ್ ರೂಮಿಗೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಒಂದು ಸೋಮವಾರದ ಪುಟ ನನಗೆ ಇನ್ನೂ ನೆನಪಿದೆ. ಹದಿನಾಲ್ಕು ಮಕ್ಕಳು. ತಲೆನೋವು, ತರಚಿದ ಮಂಡಿ, ಕಿವಿನೋವು, ಮೊದಲ ಸಲ ಮುಟ್ಟಾಗಿ ಹೆದರಿದ ಹುಡುಗಿ, ರಾತ್ರಿಯೆಲ್ಲಾ ನಿದ್ದೆ ಮಾಡದ ಒಬ್ಬ ಹುಡುಗ. ಕೊನೆಯ ಕಾಲಂನಲ್ಲಿ ಹನ್ನೆರಡು "ತರಗತಿಗೆ". ಎರಡು "ಮನೆಗೆ".

ಇನ್ನೊಬ್ಬ ಹುಡುಗನ ಕಥೆ ಹೇಳಬೇಕು. ಅವನಿಗೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಹೊಟ್ಟೆನೋವು. ಸುಮ್ನೆ ನೆಪ ಅಂತ ಎಲ್ಲರೂ ಅಂದುಕೊಂಡಿದ್ದೆವು. ಸಿಸ್ಟರ್ ನೋಟ್‌ಬುಕ್ ಹಿಂದಕ್ಕೆ ತಿರುವಿ ನೋಡಿದರು, ಆಮೇಲೆ ಅವನ ತರಗತಿಯ ವೇಳಾಪಟ್ಟಿ ತರಿಸಿಕೊಂಡರು. ಆ ಎರಡು ದಿನ ಮೂರನೇ ಪಿರಿಯಡ್‌ನಲ್ಲಿ ಮಕ್ಕಳನ್ನು ನಿಲ್ಲಿಸಿ ಬೋರ್ಡ್ ನೋಡಿ ಓದಿಸುತ್ತಿದ್ದರು. ಕಣ್ಣಿನ ಚಾರ್ಟಿನ ಮುಂದೆ ನಿಲ್ಲಿಸಿದಾಗ ಮೂರನೇ ಸಾಲಿನ ಕೆಳಗೆ ಅವನಿಗೆ ಒಂದಕ್ಷರವೂ ಕಾಣಲಿಲ್ಲ. ವಿಚಾರಿಸಿದರೆ, ಹಿಂದಿನ ವರ್ಷದ ತಪಾಸಣೆ ಶಿಬಿರದಲ್ಲೇ ಇದು ಗೊತ್ತಾಗಿತ್ತು. "ಕಣ್ಣಿನ ಡಾಕ್ಟರ್‌ಗೆ ತೋರಿಸಿ" ಅಂತ ಒಂದು ಚೀಟಿ ಕೊಟ್ಟಿದ್ದರು. ಚೀಟಿ ಬ್ಯಾಗಿನ ತಳದಲ್ಲೇ ಉಳಿದಿತ್ತು.

ಚೀನಾದಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ ಅಂತ ಆಮೇಲೆ ಓದಿದೆ. 2014ರಲ್ಲಿ ಪ್ರಕಟವಾದ ಅಧ್ಯಯನ, 252 ಶಾಲೆಗಳಲ್ಲಿ ಮಾಡಿದ್ದು. ಕಣ್ಣು ಮಸುಕಾದ ಕೆಲವು ಮಕ್ಕಳಿಗೆ ಬರೀ ಚೀಟಿ ಕೊಟ್ಟರು. ಇನ್ನು ಕೆಲವರಿಗೆ ಕನ್ನಡಕವನ್ನೇ ಉಚಿತವಾಗಿ ಕೊಟ್ಟರು. ಕನ್ನಡಕ ಸಿಕ್ಕ ಮಕ್ಕಳು ಗಣಿತದಲ್ಲಿ ಚೀಟಿ ಸಿಕ್ಕವರಿಗಿಂತ ಮುಂದೆ ಹೋದರು. ಶಿಬಿರ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಶಿಬಿರ ಮಾಡುವುದು ಸುಲಭ. ಒಂದು ದಿನದ ಖರ್ಚು, ಫೋಟೋ ಸಿಗುತ್ತದೆ, ಬಿಲ್ ಅದೇ ತಿಂಗಳು ಮುಗಿಯುತ್ತದೆ. ಆ ಚೀಟಿ ಏನಾಯಿತು ಅಂತ ಎರಡು ತಿಂಗಳಾದ ಮೇಲೆ ಕೇಳುವುದಕ್ಕೆ ಒಬ್ಬರು ಬೇಕು. ಆ ಒಬ್ಬರ ಸಂಬಳಕ್ಕೆ ದುಡ್ಡು ಕೊಡುವವರು ಕಡಿಮೆ.

ಎರಡು ವರ್ಷ ಮುಗಿಯಿತು. ಅನುದಾನವೂ ಮುಗಿಯಿತು. ಹಣ ಬಳಕೆ ಪ್ರಮಾಣಪತ್ರವನ್ನು ನಾನೇ ಟೈಪ್ ಮಾಡಿದೆ. ಒಂದು ಪೈಸೆಯ ತಪ್ಪೂ ಇರಲಿಲ್ಲ. ಅದೇ ವಾರ ಸಿಸ್ಟರ್‌ಗೆ ಬಿಡುಗಡೆ ಪತ್ರವನ್ನೂ ನಾನೇ ಟೈಪ್ ಮಾಡಿದೆ. ಅವರು ಕಪಾಟಿನಲ್ಲಿದ್ದ ಪ್ರತಿಯೊಂದು ಸಾಮಾನನ್ನೂ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆಸಿ, ಬೀಗದ ಕೈ ನನ್ನ ಕೈಗೆ ಕೊಟ್ಟು ಹೋದರು. ಮಂಚ, ಫ್ರಿಜ್ಜು, ಚಾರ್ಟು ಎಲ್ಲಾ ಇದ್ದಲ್ಲೇ ಇತ್ತು. ಒಂದಿಡೀ ವರ್ಷ ಅದು ಹಳೇ ಉತ್ತರ ಪತ್ರಿಕೆಗಳನ್ನು ಇಡುವ ಕೋಣೆಯಾಯಿತು.

ಆ ವರ್ಷ ಏಳನೇ ತರಗತಿಯ ಒಬ್ಬಳು ಹುಡುಗಿ ಏದುಸಿರು ಬಿಡುತ್ತಾ ಕಚೇರಿಗೆ ಬಂದಳು. ಅಸ್ತಮಾ. ಜೊತೆಗೆ ಬಂದ ಗೆಳತಿ, "ಇವಳ ಇನ್‌ಹೇಲರ್ ಸಿಸ್ಟರ್ ಕಪಾಟಿನಲ್ಲಿದೆ ಮಿಸ್" ಅಂದಳು. ನಾನು ಬೀಗದ ಕೈ ಹುಡುಕಿ, ಕಾಗದದ ಕಟ್ಟುಗಳನ್ನು ಸರಿಸಿ, ಕಪಾಟು ತೆಗೆದು ಇನ್‌ಹೇಲರ್ ತಂದೆ. ಅದರ ಅವಧಿ ಮುಗಿದಿತ್ತು. ಸ್ಪೇಸರ್ ಅನ್ನುವ, ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಕೊಳವೆಗೆ ಅದನ್ನು ಹೇಗೆ ಜೋಡಿಸಬೇಕು ಅಂತಲೂ ನನಗೆ ಗೊತ್ತಿರಲಿಲ್ಲ. ಅವಳ ತಾಯಿಗೆ ಫೋನ್ ಮಾಡಿದೆ. ಅವರು ಫೋನಿನಲ್ಲೇ ಒಂದೊಂದಾಗಿ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ, ಅವರು ಇನ್ನೊಂದು ಇನ್‌ಹೇಲರ್ ಹಿಡಿದು ಓಡಿ ಬಂದರು. ಮಗು ಸುಧಾರಿಸಿಕೊಂಡಿತು. ಆ ಇಪ್ಪತ್ತು ನಿಮಿಷ ನಾನು ಇವತ್ತಿಗೂ ಮರೆತಿಲ್ಲ. ಎರಡು ವರ್ಷದ ಖರ್ಚಿಗೆ ಸರಿಯಾದ ಲೆಕ್ಕ ಕೊಟ್ಟಿದ್ದೆವು. ಆ ಮಗುವಿಗೆ ಬೇಕಾದ ಹೊತ್ತಿಗೆ ಅದರಲ್ಲಿ ಯಾವುದೂ ಕೆಲಸಕ್ಕೆ ಬರಲಿಲ್ಲ.

ಅಲ್ಲಿಂದ ನಾನು ಈ ವಿಷಯ ಓದಲು ಶುರು ಮಾಡಿದೆ. ಬೇರೆಯವರು ಸಂಬಳಕ್ಕೆ ದುಡ್ಡು ಹೇಗೆ ಹೊಂದಿಸಿದರು ಅಂತ ತಿಳಿಯಬೇಕಿತ್ತು.

ನನಗೆ ದಾರಿ ತೋರಿಸಿದ್ದು 1902ರ ನ್ಯೂಯಾರ್ಕ್. ಅಲ್ಲಿ ನಗರದ ಡಾಕ್ಟರುಗಳು ಆಗಲೇ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತಿದ್ದರು. ಕಣ್ಣಿನ ಟ್ರಕೋಮಾ, ಕಜ್ಜಿ, ಹುಳುಕಡ್ಡಿ, ಹೇನು ಕಂಡರೆ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಕೊಡುವವರು ಯಾರೂ ಇರಲಿಲ್ಲ. ಮಕ್ಕಳು ಶಾಲೆಯೂ ಇಲ್ಲದೆ ಔಷಧಿಯೂ ಇಲ್ಲದೆ, ಅದೇ ಗೆಳೆಯರ ಜೊತೆ ಬೀದಿಯಲ್ಲಿ ಆಡಿಕೊಂಡಿರುತ್ತಿದ್ದರು. ಆಗ ಲಿಲಿಯನ್ ವಾಲ್ಡ್ ಅನ್ನುವ ನರ್ಸ್, ಬಡವರ ಕೇರಿಯಲ್ಲಿದ್ದ ತಮ್ಮ ಸೇವಾ ಸಂಸ್ಥೆ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್‌ನಿಂದ ಲೀನಾ ರಾಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗಕ್ಕೆ ನಾಲ್ಕು ಶಾಲೆಗಳಿಗೆ ಕಳಿಸಿದರು. ಲೀನಾ ಶಾಲೆಯಲ್ಲೇ ಮದ್ದು ಹಚ್ಚಿದರು, ಪಟ್ಟಿ ಕಟ್ಟಿದರು, ಮನೆಗಳಿಗೂ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು. 1902ರ ಸೆಪ್ಟೆಂಬರ್‌ನಲ್ಲಿ ಶಾಲೆಯಿಂದ ಹೊರಗೆ ಕಳಿಸಿದ ಪ್ರಕರಣಗಳು 10,567. ಮುಂದಿನ ಸೆಪ್ಟೆಂಬರ್‌ನಲ್ಲಿ 1,101.

ಲೆಕ್ಕ ಬರೆಯುವವಳಾಗಿ ನನ್ನ ಕಣ್ಣು ನಿಂತದ್ದು ಇನ್ನೊಂದು ಮಾತಿನ ಮೇಲೆ. ಪ್ರಯೋಗ ಶುರುವಾಗುವ ಮೊದಲೇ ವಾಲ್ಡ್ ನಗರದ ಅಧಿಕಾರಿಗಳಿಂದ ಒಂದು ಮಾತು ತೆಗೆದುಕೊಂಡಿದ್ದರು. ಇದು ಗೆದ್ದರೆ ಡಾಕ್ಟರಿಗೆ ಕೊಡುವ ಹಾಗೆ ನರ್ಸ್‌ಗೂ ಸಾರ್ವಜನಿಕ ಹಣದಿಂದಲೇ ಸಂಬಳ ಕೊಡಲು ಪ್ರಯತ್ನಿಸಬೇಕು ಅಂತ. ಆಮೇಲೆ ನಗರ ಶಾಲಾ ನರ್ಸ್‌ಗಳಿಗಾಗಿ 30,000 ಡಾಲರ್ ತೆಗೆದಿಟ್ಟಿತು. ನಮ್ಮ ಅನುದಾನದ ಒಪ್ಪಂದಕ್ಕೆ ಸಹಿ ಹಾಕಿದ ದಿನ ಮೂರನೇ ವರ್ಷದ ಸಂಬಳ ಯಾರು ಕೊಡುತ್ತಾರೆ ಅಂತ ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನೂರು ವರ್ಷ ಕಳೆದ ಮೇಲೂ ಅದೇ ಕಥೆ ಇನ್ನೊಂದು ರೂಪದಲ್ಲಿ ಸಿಕ್ಕಿತು. ಅಮೆರಿಕದ 2010ರ ಆರೋಗ್ಯ ಕಾನೂನು ಶಾಲಾ ಆರೋಗ್ಯ ಕೇಂದ್ರಗಳಿಗೆ ವರ್ಷಕ್ಕೆ 5 ಕೋಟಿ ಡಾಲರ್‌ನಂತೆ ನಾಲ್ಕು ವರ್ಷ, ಒಟ್ಟು 20 ಕೋಟಿ ಡಾಲರ್ ಕೊಟ್ಟಿತು. ಕಟ್ಟಡಕ್ಕೆ, ಸಲಕರಣೆಗೆ. ಆ ಹಣವನ್ನು ಸಿಬ್ಬಂದಿಗಾಗಲಿ, ಚಿಕಿತ್ಸೆಗಾಗಲಿ ಖರ್ಚು ಮಾಡುವ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿತ್ತು. ಅದನ್ನು ಓದಿದಾಗ ನನಗೆ ನಮ್ಮ ಬೀಗ ಹಾಕಿದ ಕೋಣೆಯೇ ಕಣ್ಣ ಮುಂದೆ ಬಂತು. ಸಿಬ್ಬಂದಿಯ ಖರ್ಚಿಗೆ ಅಲ್ಲಿನ ಕೇಂದ್ರಗಳು ಮೆಡಿಕೇಡ್ ಅನ್ನುವ ಸರ್ಕಾರಿ ವಿಮೆಗೆ ಬಿಲ್ ಕಳಿಸುತ್ತವೆ. ಅದರಲ್ಲೂ ಒಂದು ತೊಡಕಿತ್ತು. ಶಾಲೆ ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುವ ಸೇವೆಗೆ ಮೆಡಿಕೇಡ್ ದುಡ್ಡು ಕೊಡುತ್ತಿರಲಿಲ್ಲ. ಆ ನೀತಿ ಬದಲಾದದ್ದು 2014ರ ಡಿಸೆಂಬರ್‌ನಲ್ಲಿ. ವಿಮೆಯ ದುಡ್ಡು ಖಂಡಿತ ಬೇಕು. ಆದರೆ ವಿಮೆ ಕೊಡುವುದು ಇಂಥ ಚಿಕಿತ್ಸೆಗೆ ಇಷ್ಟು ಅಂತ. ಹೊಟ್ಟೆನೋವಿನ ಹುಡುಗನ ವೇಳಾಪಟ್ಟಿ ತರಿಸಿ ನೋಡಿದ ಆ ಅರ್ಧ ಗಂಟೆಗೆ ಯಾವ ಬಿಲ್ಲಿನಲ್ಲೂ ಜಾಗ ಇರುವುದಿಲ್ಲ. ಆ ಅರ್ಧ ಗಂಟೆಯನ್ನು ತಿಂಗಳ ಸಂಬಳವೇ ತುಂಬಬೇಕು.

ಆಡಳಿತ ಮಂಡಳಿಯ ಮುಂದೆ ನಾನು ಒಂದೇ ಹಾಳೆ ಇಟ್ಟೆ. ಒಂದು ಬದಿಯಲ್ಲಿ ಸಿಸ್ಟರ್ ನೋಟ್‌ಬುಕ್ಕಿನ ಕೊನೆಯ ಕಾಲಂ, ಹೆಸರಿಲ್ಲದೆ, ಬರೀ ಎಣಿಕೆ. ಇನ್ನೊಂದು ಬದಿಯಲ್ಲಿ ಬೀಗ ಹಾಕಿದ್ದ ವರ್ಷ ಕಚೇರಿಯ ಫೋನ್ ಪುಸ್ತಕದಲ್ಲಿ "ಮಗುವಿಗೆ ಹುಷಾರಿಲ್ಲ, ಬಂದು ಕರೆದುಕೊಂಡು ಹೋಗಿ" ಅಂತ ಮಾಡಿದ ಕರೆಗಳು. ಸಿಸ್ಟರ್ ಇದ್ದಾಗ ಹೆಚ್ಚಿನ ಮಕ್ಕಳು ತರಗತಿಗೆ ವಾಪಸ್ ಹೋಗಿದ್ದರು. ಅವರಿಲ್ಲದಾಗ ಮನೆಗೆ ಹೋದರು. ಇದು ಸಣ್ಣ ತಲೆನೋವು, ಇದು ಹೆದರಬೇಕಾದ ತಲೆನೋವು ಅಂತ ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಮಗುವನ್ನು ಕರೆದುಕೊಂಡು ಹೋಗಲು ಒಬ್ಬ ತಾಯಿಯೋ ತಂದೆಯೋ ಕೆಲಸ ಬಿಟ್ಟು ಬರಬೇಕಿತ್ತು.

ಒಬ್ಬ ಸದಸ್ಯರು "ಇನ್ನೊಂದು ಅನುದಾನ ಹುಡುಕೋಣ, ಅಲ್ವಾ?" ಅಂದರು. ಸಲಕರಣೆಗೆ ಹುಡುಕೋಣ, ಸಂಬಳಕ್ಕೆ ಬೇಡ ಅಂದೆ. ಹದಿನಾರು ವರ್ಷದಲ್ಲಿ ಸಭೆಯಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಸಿಸ್ಟರ್ ಸಂಬಳ ಯೋಜನೆಯ ಬಾಬ್ತಿನಿಂದ ಹೊರಗೆ ಬಂದು, ಶಿಕ್ಷಕರ ಸಂಬಳ ಬರುವ ಬಾಬ್ತಿನಲ್ಲೇ ಸೇರಬೇಕು ಅಂದೆ. ಅನುದಾನ ಬಂದರೂ ಬರದಿದ್ದರೂ ಗಣಿತದ ಮೇಷ್ಟ್ರ ಸಂಬಳ ಹೋಗುತ್ತದಲ್ವಾ, ಹಾಗೆ. ಚರ್ಚೆ ಮೂರು ಸಭೆಗಳವರೆಗೆ ಎಳೆಯಿತು. ಮೊದಲು ವಾರಕ್ಕೆ ಮೂರು ದಿನ ಅಂತ ಒಪ್ಪಿದರು, ಮುಂದಿನ ವರ್ಷ ಪೂರ್ತಿ ವಾರ. ಹತ್ತಿರದ ಆರೋಗ್ಯ ಕೇಂದ್ರದವರು ತಿಂಗಳಿಗೊಮ್ಮೆ ಡಾಕ್ಟರನ್ನು ಕಳಿಸಲು ಒಪ್ಪಿದರು. ಪೋಷಕರ ಒಪ್ಪಿಗೆ ಪತ್ರ ಹೇಗಿರಬೇಕು, ದಾಖಲೆ ಯಾರ ಹತ್ತಿರ ಇರಬೇಕು, ಆಸ್ಪತ್ರೆಗೆ ಕಳಿಸಿದ ಮಗುವಿನ ವಿಷಯ ವಾಪಸ್ ಯಾರಿಗೆ ತಿಳಿಸಬೇಕು, ಎಲ್ಲವನ್ನೂ ಬರೆದು ಸಹಿ ಮಾಡಿಸಿಕೊಂಡೆವು. ಹತ್ತಿ, ಬ್ಯಾಂಡೇಜು, ಪ್ಯಾಡುಗಳ ಖರ್ಚು ಪೋಷಕರ ಸಮಿತಿ ವಹಿಸಿಕೊಂಡಿತು.

ಬಂದದ್ದು ಅದೇ ಸಿಸ್ಟರ್. ಮೊದಲ ದಿನ ಉತ್ತರ ಪತ್ರಿಕೆಯ ಕಟ್ಟುಗಳನ್ನು ನಾವಿಬ್ಬರೂ ಸೇರಿ ಹೊರಗೆ ಹೊತ್ತು ಹಾಕಿದೆವು. ಆಮೇಲೆ ಅವರು ಕಪಾಟಿನ ಬಾಗಿಲಿನ ಒಳಗಡೆ ಒಂದು ಹಾಳೆ ಅಂಟಿಸಿದರು. ಯಾವ ಔಷಧಿಯ ಅವಧಿ ಯಾವ ತಿಂಗಳು ಮುಗಿಯುತ್ತದೆ ಅನ್ನುವ ಪಟ್ಟಿ.

ಕಳೆದ ವರ್ಷ ನಾನು ಕೆಲಸ ಬಿಟ್ಟೆ. ಹೊಸದಾಗಿ ಲೆಕ್ಕಕ್ಕೆ ಬಂದ ಹುಡುಗಿಗೆ ಎಲ್ಲಾ ಕಡತ ಒಪ್ಪಿಸಿದ ಮೇಲೆ, ಕೈ ಹಿಡಿದು ಆ ಕೋಣೆಗೆ ಕರೆದುಕೊಂಡು ಹೋಗಿ ಪಟ್ಟಿ ತೋರಿಸಿದೆ. "ತಿಂಗಳ ಮೊದಲ ದಿನ ಇದನ್ನು ನೋಡಿಕೊಳ್ಳಮ್ಮ. ಸಿಸ್ಟರ್ ಬಂದು ಕೇಳುವವರೆಗೂ ಕಾಯಬೇಡ, ಮೊದಲೇ ಬಿಲ್ ಪಾಸ್ ಮಾಡಿಸಿಡು" ಅಂದೆ. ಅವಳು ಫೋನ್ ತೆಗೆದು ಪಟ್ಟಿಯ ಫೋಟೋ ತೆಗೆದುಕೊಂಡಳು. ಹಿಂದೆ ಮಂಚದ ಮೇಲೆ ಒಬ್ಬ ಪುಟ್ಟ ಹುಡುಗ ಮಂಡಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ, ಬೆಲ್ ಆಯ್ತಾ ಸಿಸ್ಟರ್, ಬೆಲ್ ಆಯ್ತಾ ಅಂತ ಕೇಳುತ್ತಾ.